ಪಕ್ಕದ ಆಸನದ ಪೈಲಟ್: ಹಾರಾಟದ ಗಂಟೆ ಮತ್ತು ಹಂಚಿಕೊಂಡ ವೆಚ್ಚದ ಚರಿತ್ರೆ

ಅಮೆರಿಕದ ನಾಗರಿಕ ವಿಮಾನಯಾನದಲ್ಲಿ ಪೈಲಟ್ ಒಬ್ಬರ ಅರ್ಹತೆಯನ್ನು ಅಳೆಯುವ ಮುಖ್ಯ ಮಾನವೆಂದರೆ ಅವರು ಆಕಾಶದಲ್ಲಿ ಕಳೆದ ಗಂಟೆಗಳ ಮೊತ್ತ. ಈ ಪದ್ಧತಿಯ ಬೇರು 1926ರ ವಾಯು ವಾಣಿಜ್ಯ ಕಾಯ್ದೆಯಲ್ಲಿದೆ. ಆ ಕಾಯ್ದೆಯ ಮೂಲಕ ಅಲ್ಲಿನ ಕೇಂದ್ರ ಸರ್ಕಾರ ಮೊದಲ ಬಾರಿಗೆ ವಿಮಾನಗಳನ್ನೂ ಪೈಲಟ್‌ಗಳನ್ನೂ ತನ್ನ ಪರವಾನಗಿಯ ವ್ಯಾಪ್ತಿಗೆ ತಂದಿತು ಮತ್ತು 1927ರ ಏಪ್ರಿಲ್ 6ರಂದು ವಾಣಿಜ್ಯ ಇಲಾಖೆಯ ವಿಮಾನಯಾನ ಶಾಖೆಯ ಮುಖ್ಯಸ್ಥ ವಿಲಿಯಂ ಮೆಕ್ರಾಕೆನ್ ಅವರಿಗೆ ಮೊದಲನೆಯ ಖಾಸಗಿ ಪರವಾನಗಿ ದೊರೆಯಿತು. ಇಂದಿನ ಸಾಮಾನ್ಯ ನಿಯಮದಂತೆ ಖಾಸಗಿ ಪರವಾನಗಿಗೆ ಕನಿಷ್ಠ 40 ಗಂಟೆ, ಹಾರಾಟದಿಂದ ಸಂಪಾದಿಸುವ ಹಕ್ಕು ನೀಡುವ ವಾಣಿಜ್ಯ ಪರವಾನಗಿಗೆ 250 ಗಂಟೆ, ದೊಡ್ಡ ವಿಮಾನಸಂಸ್ಥೆಗಳಿಗೆ ಬೇಕಾದ ಅತ್ಯುನ್ನತ ಪರವಾನಗಿಗೆ 1500 ಗಂಟೆಗಳ ಅನುಭವ ಅಗತ್ಯ. ಪ್ರತಿ ಗಂಟೆಗೂ ಬಾಡಿಗೆಯೋ ಇಂಧನದ ಖರ್ಚೋ ಇದ್ದೇ ಇರುವುದರಿಂದ ಈ ಗಂಟೆಗಳಿಗೆ ಹಣ ತೆರುವವರು ಯಾರು ಎಂಬ ಪ್ರಶ್ನೆ ಆರಂಭದಿಂದಲೂ ಈ ವೃತ್ತಿಯ ಬೆನ್ನಿಗಿದೆ. ಇಬ್ಬರು ಪೈಲಟ್‌ಗಳು ಒಂದೇ ವಿಮಾನದಲ್ಲಿ ಕುಳಿತು, ಒಬ್ಬರು ಕಣ್ಣಿಗೆ ಮರೆ ಕಟ್ಟಿಕೊಂಡು ಹಾರಿಸುತ್ತ, ಇನ್ನೊಬ್ಬರು ಕಾವಲಿದ್ದು, ಖರ್ಚನ್ನು ಹಂಚಿಕೊಳ್ಳುವ ರೂಢಿ ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲೊಂದು.

ಹೀಗೆ ಕಾವಲಿಗೆ ಕುಳಿತವರನ್ನು ಸೇಫ್ಟಿ ಪೈಲಟ್ ಎನ್ನುತ್ತಾರೆ. ಆದರೆ ಈ ಪಾತ್ರ ಹುಟ್ಟಿದ್ದು ಉಳಿತಾಯದ ಯೋಚನೆಯಿಂದಲ್ಲ, ಮೋಡದ ಭಯದಿಂದ. ದಿಗಂತ ಕಾಣದ ಮಂಜಿನಲ್ಲಿ ಸಿಕ್ಕಿಕೊಂಡ ಪೈಲಟ್‌ಗೆ ಒಳಕಿವಿಯ ಸಮತೋಲನ ಇಂದ್ರಿಯವೇ ಸುಳ್ಳು ಹೇಳತೊಡಗುತ್ತದೆ. ವಿಮಾನ ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಿದ್ದರೂ ನೇರವಾಗಿ ಸಾಗುತ್ತಿದೆ ಎಂದೇ ಅನಿಸುತ್ತದೆ. 1926ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸ್ಸಿ ಫೀಲ್ಡ್‌ನಲ್ಲಿ ಸೇನೆಯ ಪೈಲಟ್ ವಿಲಿಯಂ ಆಕರ್ ಮತ್ತು ವೈದ್ಯ ಡೇವಿಡ್ ಮೈಯರ್ಸ್ ತಿರುಗುವ ಕುರ್ಚಿಯ ಪ್ರಯೋಗಗಳಿಂದ ಈ ಭ್ರಮೆಯನ್ನು ತೋರಿಸಿಕೊಟ್ಟಿದ್ದರು. ದೇಹದ ಅನಿಸಿಕೆಯನ್ನು ಬದಿಗಿಟ್ಟು ಉಪಕರಣಗಳನ್ನು ಮಾತ್ರ ನಂಬಿ ಹಾರಿಸಬಹುದೇ ಎಂಬುದು ಮುಂದಿನ ಪ್ರಶ್ನೆಯಾಯಿತು.

ಗುಗೆನ್‌ಹೈಮ್ ನಿಧಿಯ ನೆರವಿನಿಂದ ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ನಡೆದ ಸಂಶೋಧನೆ ಇದಕ್ಕೆ ಉತ್ತರ ನೀಡಿತು. 1929ರ ಸೆಪ್ಟೆಂಬರ್ 24ರಂದು ಸೇನೆಯ ಜಿಮ್ಮಿ ಡೂಲಿಟಲ್, ಹಿಂದಿನ ಕಾಕ್‌ಪಿಟ್‌ಗೆ ಪೂರ್ತಿ ಮುಸುಕು ಹಾಕಿಸಿಕೊಂಡು, ಕೃತಕ ದಿಗಂತವನ್ನು ತೋರುವ ಸ್ಪೆರಿ ಉಪಕರಣ, ಎತ್ತರವನ್ನು ನಿಖರವಾಗಿ ತಿಳಿಸುವ ಕೋಲ್ಸ್‌ಮನ್ ಮಾಪಕ ಮತ್ತು ರೇಡಿಯೋ ಸಂಕೇತಗಳ ಆಧಾರದಿಂದಲೇ ಮೇಲೆದ್ದು, ಸುಮಾರು 15 ನಿಮಿಷ ಹಾರಿ, ಹೊರಗಿನದೇನನ್ನೂ ನೋಡದೆ ನೆಲಕ್ಕಿಳಿದರು. ಮುಂದಿನ ಕಾಕ್‌ಪಿಟ್‌ನಲ್ಲಿ ಲೆಫ್ಟಿನೆಂಟ್ ಬೆಂಜಮಿನ್ ಕೆಲ್ಸಿ ಕುಳಿತಿದ್ದರು. ವಿಮಾನ ನಡೆಸುತ್ತಿರುವುದು ತಾವಲ್ಲವೆಂದು ನೆಲದಲ್ಲಿದ್ದವರಿಗೆ ತಿಳಿಯಲೆಂದು ಅವರು ತಮ್ಮ ಕೈಗಳನ್ನು ಹೊರಗೆ ಕಾಣುವಂತೆ ಇಟ್ಟುಕೊಂಡಿದ್ದರು. ಬೇರೆ ವಿಮಾನ ಎದುರಾದರೆ ಅಥವಾ ಪ್ರಯೋಗ ಕೈತಪ್ಪಿದರೆ ಮಾತ್ರ ನಿಯಂತ್ರಣ ಹಿಡಿಯುವುದು, ಉಳಿದಂತೆ ಸುಮ್ಮನೆ ನೋಡುತ್ತಿರುವುದು ಅವರ ಕೆಲಸವಾಗಿತ್ತು. ಕಾವಲಿನವರಿಲ್ಲದೆ ಒಬ್ಬರೇ ಇಂಥ ಹಾರಾಟ ನಡೆಸಲು 1932ರ ಮೇ 9ರವರೆಗೆ ಕಾಯಬೇಕಾಯಿತು. ಅಂದು ಡೇಟನ್‌ನಲ್ಲಿ ಕ್ಯಾಪ್ಟನ್ ಆಲ್ಬರ್ಟ್ ಹೆಗೆನ್‌ಬರ್ಗರ್ ಅದನ್ನು ಸಾಧಿಸಿದರು.

ಸಾಮಾನ್ಯ ಪೈಲಟ್‌ಗಳಿಗೂ ಈ ಅಭ್ಯಾಸ ಬೇಕೇಬೇಕು ಎಂಬುದನ್ನು 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಮನದಟ್ಟು ಮಾಡಿತು. ಉಪಕರಣ ಹಾರಾಟದ ಶಿಕ್ಷಣವಿಲ್ಲದ 20 ಮಂದಿಯನ್ನು ಕೃತಕವಾಗಿ ನಿರ್ಮಿಸಿದ ಮೋಡದ ಸ್ಥಿತಿಗೆ ಒಡ್ಡಿದಾಗ ಅಷ್ಟೂ ಮಂದಿ ವಿಮಾನದ ಹಿಡಿತ ಕಳೆದುಕೊಂಡರು, ಅದೂ ಸರಾಸರಿ 178 ಸೆಕೆಂಡುಗಳಲ್ಲಿ. ಅದೇ ಜನ ಸ್ವಲ್ಪ ತರಬೇತಿಯ ಬಳಿಕ ವಿಮಾನವನ್ನು ಬಂದ ದಾರಿಗೆ ತಿರುಗಿಸಿಕೊಂಡು ಪಾರಾಗುವುದನ್ನು ಕಲಿತರು. ಆದರೆ ನಿಜವಾದ ಮೋಡದೊಳಗೆ ಕಲಿಯಹೊರಡುವುದು ಅಪಾಯದ ಮಾತಾದುದರಿಂದ, ತಿಳಿಯಾದ ಆಕಾಶದಲ್ಲೇ ಹುಡ್ ಎಂಬ ಮುಂಚಾಚಿದ ಮರೆಯನ್ನೋ ಫಾಗಲ್ಸ್ ಎಂಬ ಅರೆಮಸುಕಾದ ಕನ್ನಡಕವನ್ನೋ ಧರಿಸಿ, ಉಪಕರಣಗಳ ಫಲಕ ಮಾತ್ರ ಕಾಣುವಂತೆ ಮಾಡಿಕೊಂಡು ಹಾರಿಸುವ ಕ್ರಮ ನೆಲೆಗೊಂಡಿತು. ಹೀಗೆ ಒಬ್ಬರ ಕಣ್ಣಿಗೆ ಮರೆಯಾದಾಗ ಇನ್ನೊಬ್ಬರ ಕಣ್ಣು ತೆರೆದಿರಲೇಬೇಕು. ಆದ್ದರಿಂದ ನಿಯಂತ್ರಣವಿರುವ ಎರಡನೆಯ ಆಸನದಲ್ಲಿ ಆ ಬಗೆಯ ವಿಮಾನ ನಡೆಸಲು ಕನಿಷ್ಠ ಖಾಸಗಿ ಪರವಾನಗಿಯುಳ್ಳ, ಮುಂದಕ್ಕೂ ಎರಡೂ ಪಕ್ಕಗಳಿಗೂ ಸಾಕಷ್ಟು ನೋಟವಿರುವ ಸೇಫ್ಟಿ ಪೈಲಟ್ ಇರಲೇಬೇಕೆಂದು ಕೇಂದ್ರ ನಿಯಮ ವಿಧಿಸುತ್ತದೆ.

ಈ ಕಾವಲಿಗೆ ಆರ್ಥಿಕ ಅರ್ಥ ಕೂಡಿಕೊಂಡದ್ದು ಗಂಟೆಯ ವೆಚ್ಚ ವ್ಯಕ್ತಿಯ ಹೆಗಲಿಗೆ ಬಿದ್ದುದರಿಂದ. 1939ರಿಂದ 1944ರವರೆಗೆ ನಡೆದ ನಾಗರಿಕ ಪೈಲಟ್ ತರಬೇತಿ ಕಾರ್ಯಕ್ರಮದಲ್ಲಿ ಸರ್ಕಾರದ ಹಣದಿಂದಲೇ 4 ಲಕ್ಷಕ್ಕೂ ಹೆಚ್ಚು ಜನ ತರಬೇತಿ ಪಡೆದರು, ಯುದ್ಧದ ನಂತರವೂ ಮರಳಿದ ಸೈನಿಕರಿಗೆ ಶಿಕ್ಷಣ ಸೌಲಭ್ಯದ ಅಡಿಯಲ್ಲಿ ಹಾರಾಟ ಕಲಿಯುವ ಅವಕಾಶವಿತ್ತು. ಈ ನೆರವಿನ ಹೊರಗಿದ್ದವರ ಪಾಲಿಗೆ ಸೆಸ್ನಾ 150, ಸೆಸ್ನಾ 172ರಂಥ ಸಣ್ಣ ವಿಮಾನಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದೇ ದಾರಿಯಾಯಿತು, ಎಂಜಿನ್ ಓಡಿದಷ್ಟು ಹೊತ್ತೂ ಮೀಟರ್ ಓಡುತ್ತಿತ್ತು.

ಇಲ್ಲಿಯೇ ನಿಯಮದ ಒಂದು ಸೂಕ್ಷ್ಮ ನೆರವಿಗೆ ಬಂತು. ಲಾಗ್‌ಬುಕ್ ಎಂದರೆ ಪೈಲಟ್ ತನ್ನ ಹಾರಾಟಗಳನ್ನು ದಾಖಲಿಸುವ ಪುಸ್ತಕ. ಅದರಲ್ಲಿ ಅತಿ ಬೆಲೆಯುಳ್ಳ ಕಲಂ ಪೈಲಟ್-ಇನ್-ಕಮಾಂಡ್ ಗಂಟೆಗಳದು, ಅಂದರೆ ವಿಮಾನದ ಹೊಣೆ ಹೊತ್ತ ಕಾಲದ್ದು. ತಾನು ಅರ್ಹತೆ ಪಡೆದ ವಿಮಾನದ ನಿಯಂತ್ರಣವನ್ನು ಒಬ್ಬನೇ ಹಿಡಿದಿರುವವನು ಆ ಕಾಲವನ್ನು ಈ ಕಲಂನಲ್ಲಿ ಬರೆದುಕೊಳ್ಳಬಹುದು. ಜೊತೆಗೆ ಹುಡ್ ಹಾಕಿರುವಷ್ಟು ಹೊತ್ತು ಸೇಫ್ಟಿ ಪೈಲಟ್ ಕೂಡ ನಿಯಮವೇ ಬೇಡುವ ಸಿಬ್ಬಂದಿಯಾಗಿರುವುದರಿಂದ, ಹಾರಾಟದ ಕಾನೂನುಬದ್ಧ ಹೊಣೆಯನ್ನು ತಾನೇ ಹೊರುವುದೆಂದು ಮೊದಲೇ ಒಪ್ಪಿಕೊಂಡಿದ್ದರೆ ಅದೇ ಕಾಲವನ್ನು ಅದೇ ಕಲಂನಲ್ಲಿ ಬರೆದುಕೊಳ್ಳಬಹುದು, ಹೊಣೆ ಹೊರದಿದ್ದರೆ ಎರಡನೆಯ ಪೈಲಟ್‌ನ ಗಂಟೆಯಾಗಿ ದಾಖಲಿಸಬಹುದು. ಹೀಗೆ ಒಂದು ಗಂಟೆಯ ಬಾಡಿಗೆ ಇಬ್ಬರ ಪುಸ್ತಕಗಳಲ್ಲಿ ಹೆಚ್ಚುಕಡಿಮೆ ಒಂದೊಂದು ಗಂಟೆಯಾಗುತ್ತದೆ, ತಲಾ ಖರ್ಚು ಅರ್ಧಕ್ಕಿಳಿಯುತ್ತದೆ. ಮೋಡದಲ್ಲಿ ಹಾರುವ ಹಕ್ಕು ಕೊಡುವ ಉಪಕರಣ ಅರ್ಹತೆಗೆ ಬೇಕಾದ 40 ಗಂಟೆಗಳಲ್ಲಿ 15ನ್ನು ಶಿಕ್ಷಕರೊಂದಿಗೆ ಕಳೆಯುವುದು ಕಡ್ಡಾಯವಾದರೂ ಉಳಿದವನ್ನು ಸೇಫ್ಟಿ ಪೈಲಟ್ ಜೊತೆ ಮುಗಿಸಲು ಅಡ್ಡಿಯಿಲ್ಲದಿರುವುದರಿಂದ ಶಿಕ್ಷಕರ ಶುಲ್ಕವೂ ಉಳಿಯುತ್ತದೆ.

ಈ ಸೌಲಭ್ಯಕ್ಕೆ ಕಾನೂನು ಎಲ್ಲೆಗಳನ್ನೂ ಹಾಕಿದೆ. ಮರೆ ಧರಿಸಿದವರ ಲಾಗ್‌ಬುಕ್‌ನಲ್ಲಿ ಸೇಫ್ಟಿ ಪೈಲಟ್‌ನ ಹೆಸರು ದಾಖಲಾಗಬೇಕು. ವಿಮಾನವನ್ನು ಮೇಲೆಬ್ಬಿಸದ, ಕೆಳಗಿಳಿಸದ ಸೇಫ್ಟಿ ಪೈಲಟ್ ಆ ಕಾಲವನ್ನು ದೂರಪ್ರಯಾಣದ ಅನುಭವವೆಂದು ಎಣಿಸುವಂತಿಲ್ಲ ಎಂದು ಕೇಂದ್ರ ವಿಮಾನಯಾನ ಆಡಳಿತವು 2009ರಲ್ಲಿ ವ್ಯಾಖ್ಯಾನಿಸಿತು. ಖಾಸಗಿ ಪೈಲಟ್ ಹಣಕ್ಕಾಗಿ ಹಾರಿಸುವಂತಿಲ್ಲ. ಜೊತೆಗಿರುವವರೊಂದಿಗೆ ಇಂಧನ, ಎಣ್ಣೆ, ನಿಲ್ದಾಣದ ಶುಲ್ಕ ಮತ್ತು ವಿಮಾನದ ಬಾಡಿಗೆಯನ್ನು ಹಂಚಿಕೊಳ್ಳಬಹುದಾದರೂ ತನ್ನ ಸಮಪಾಲಿಗಿಂತ ಕಡಿಮೆ ತೆರುವಂತಿಲ್ಲ. ಅಂತರ್ಜಾಲದ ಮೂಲಕ ಪೈಲಟ್‌ಗಳಿಗೂ ಪ್ರಯಾಣಿಕರಿಗೂ ಗಂಟುಹಾಕುತ್ತಿದ್ದ ಫ್ಲೈಟ್‌ನೌ ಸಂಸ್ಥೆಯ ಪ್ರಕರಣದಲ್ಲಿ 2015ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಆಡಳಿತದ ಪರವಾಗಿ ತೀರ್ಪಿತ್ತು, ಸಾರ್ವಜನಿಕರಿಗೆಲ್ಲ ಆಹ್ವಾನವಿತ್ತು ವೆಚ್ಚ ಹಂಚಿಕೊಳ್ಳುವುದು ಸಾರಿಗೆ ವ್ಯವಹಾರವೇ ಆಗುತ್ತದೆ ಎಂಬ ನಿಲುವನ್ನು ಎತ್ತಿಹಿಡಿಯಿತು. ಇಬ್ಬರು ಪೈಲಟ್‌ಗಳ ಅಭ್ಯಾಸ ಈ ಗೆರೆಯೊಳಗೆ ಸುಲಭವಾಗಿ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಇಬ್ಬರದೂ ಒಂದೇ ಉದ್ದೇಶ.

ಗಂಟೆಯ ಬೆಲೆ ಮತ್ತೊಮ್ಮೆ ಏರಿದ್ದು ಒಂದು ದುರಂತದ ನಂತರ. 2009ರ ಫೆಬ್ರವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್ 3407 ವಿಮಾನ ಬಿದ್ದು 50 ಜನ ಸತ್ತರು, ಮೃತರ ಕುಟುಂಬಗಳ ಹೋರಾಟದ ಫಲವಾಗಿ 2010ರಲ್ಲಿ ಹೊಸ ಕಾಯ್ದೆ ಬಂತು. ಅದುವರೆಗೆ 250 ಗಂಟೆಗಳ ವಾಣಿಜ್ಯ ಪರವಾನಗಿಯಿಂದಲೇ ವಿಮಾನಸಂಸ್ಥೆಯ ಸಹಪೈಲಟ್ ಆಗಬಹುದಾಗಿದ್ದ ಸ್ಥಿತಿ 2013ರಲ್ಲಿ ಕೊನೆಗೊಂಡು, ಸೇನೆಯಿಂದ ಬಂದವರಿಗೆ ಮತ್ತು ಕೆಲವು ಪದವೀಧರರಿಗೆ ಕೊಟ್ಟ ರಿಯಾಯಿತಿ ಬಿಟ್ಟರೆ ಎಲ್ಲರಿಗೂ 1500 ಗಂಟೆ ಕಡ್ಡಾಯವಾಯಿತು. ಆದರೆ ಅಂದಿನ ಕ್ಯಾಪ್ಟನ್‌ಗೆ 3379, ಸಹಪೈಲಟ್‌ಗೆ 2244 ಗಂಟೆಗಳ ಅನುಭವವಿತ್ತು. ಇಬ್ಬರೂ ಹೊಸ ಮಿತಿಯನ್ನು ಎಂದೋ ದಾಟಿದವರು. ಗಂಟೆಗಳ ಮೊತ್ತವೇ ಕೌಶಲದ ಖಾತರಿಯಲ್ಲವೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಹಂಚಿಕೊಂಡ ಗಂಟೆಯನ್ನು ಅಗ್ಗದ ಗಂಟೆಯೆಂದು ತಳ್ಳಿಹಾಕುವವರ ಆಕ್ಷೇಪವನ್ನು ಈ ಹಿನ್ನೆಲೆಯಲ್ಲಿಯೇ ತೂಗಬೇಕಾಗುತ್ತದೆ. ಒಬ್ಬರು ಉಪಕರಣಗಳ ಮೇಲೆ ಮನಸ್ಸು ನೆಟ್ಟು, ಇನ್ನೊಬ್ಬರು ಆಕಾಶವನ್ನು ಶೋಧಿಸುತ್ತ, ಇಬ್ಬರೂ ಪರಸ್ಪರ ತಿಳಿಸುತ್ತ ಹಾರಿದರೆ ಅದು ಮುಂದೆ ದೊಡ್ಡ ವಿಮಾನದ ಕಾಕ್‌ಪಿಟ್ ಬೇಡುವ ಸಹಕಾರದ ಅಭ್ಯಾಸವೂ ಆಗುತ್ತದೆ, ಹಾಗಲ್ಲದಿದ್ದರೆ ಎರಡು ಪುಸ್ತಕಗಳಲ್ಲಿ ಅಂಕಿ ಬೆಳೆಯುವುದಷ್ಟೇ ಲಾಭ. ಈ ಎರಡರ ನಡುವಣ ವ್ಯತ್ಯಾಸವನ್ನು ಕಾನೂನು ಪೂರ್ತಿ ಅಳೆಯಲಾರದು, ಆದರೂ ಅದು ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ: ಹುಡ್ ತೆಗೆದ ಕ್ಷಣದಿಂದ ಕಾವಲಿನ ಅಗತ್ಯ ಮುಗಿಯುತ್ತದೆ, ಅಲ್ಲಿಂದಾಚೆಗೆ ಪಕ್ಕದ ಆಸನದಲ್ಲಿ ಕುಳಿತವರು ಖರ್ಚಿನಲ್ಲಿ ಎಷ್ಟೇ ಪಾಲು ಕೊಟ್ಟಿರಲಿ, ಸೇಫ್ಟಿ ಪೈಲಟ್ ಎಂಬ ನೆಲೆಯಲ್ಲಿ ಒಂದು ನಿಮಿಷವನ್ನೂ ಬರೆದುಕೊಳ್ಳುವಂತಿಲ್ಲ.