ಸಿಎಸ್‌ಐ ಪರಿಣಾಮ

ಸಿಎಸ್‌ಐ ಪರಿಣಾಮ ಎಂಬುದು ಕಿರುತೆರೆಯ ಅಪರಾಧ ಧಾರಾವಾಹಿಗಳ ವೀಕ್ಷಣೆಯಿಂದ ಜನಸಾಮಾನ್ಯರಲ್ಲಿ, ಮುಖ್ಯವಾಗಿ ನ್ಯಾಯಾಲಯದ ಜ್ಯೂರಿ ಸದಸ್ಯರಲ್ಲಿ, ವಿಧಿವಿಜ್ಞಾನದ ಬಗ್ಗೆ ವಾಸ್ತವಕ್ಕೆ ಮೀರಿದ ನಿರೀಕ್ಷೆ ಬೆಳೆಯುತ್ತದೆ ಎಂಬ ಅಭಿಪ್ರಾಯವಾಗಿದೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2000ದಿಂದ 2015ರವರೆಗೆ ಪ್ರಸಾರವಾದ 'ಸಿಎಸ್‌ಐ: ಕ್ರೈಮ್ ಸೀನ್ ಇನ್ವೆಸ್ಟಿಗೇಷನ್' ಧಾರಾವಾಹಿಯಿಂದ ಈ ಹೆಸರು ಬಂದಿದೆ.

ತೆರೆ ಮತ್ತು ವಾಸ್ತವ

ಲಾಸ್ ವೇಗಾಸ್ ನಗರದಲ್ಲಿ ನಡೆಯುವ ಈ ಕಥೆಯಲ್ಲಿ ಕುರುಹು ಸಂಗ್ರಹಿಸುವವರು, ಅವುಗಳನ್ನು ಪರೀಕ್ಷಿಸುವವರು, ಶಂಕಿತರನ್ನು ಪ್ರಶ್ನಿಸುವವರು ಬಹುಮಟ್ಟಿಗೆ ಒಂದೇ ತಂಡದವರು. ವಾಸ್ತವದಲ್ಲಿ ಇವು ಸಾಮಾನ್ಯವಾಗಿ ಬೇರೆ ಬೇರೆಯವರ ಕೆಲಸಗಳು. ತೆರೆಯ ಮೇಲೆ ಕ್ಷಣಾರ್ಧದಲ್ಲಿ ಬರುವ ಡಿಎನ್‌ಎ ವರದಿಗೆ ಪ್ರಯೋಗಾಲಯಗಳಲ್ಲಿ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಬೆರಳಚ್ಚು ಹೋಲಿಸುವ ಗಣಕ ವ್ಯವಸ್ಥೆಯೂ ಅಪರಾಧಿಯ ಭಾವಚಿತ್ರವನ್ನು ತೋರಿಸಿ ಸುಮ್ಮನಾಗುವುದಿಲ್ಲ. ಅದು ಹೋಲುವ ಅಚ್ಚುಗಳ ಪಟ್ಟಿಯನ್ನು ಕೊಡುತ್ತದೆ, ನಿರ್ಣಯ ತಜ್ಞರದು. ಅನೇಕ ಪ್ರಕರಣಗಳಲ್ಲಿ ಪರೀಕ್ಷೆಗೆ ಯೋಗ್ಯವಾದ ಅಚ್ಚೇ ದೊರೆಯುವುದಿಲ್ಲ.

ಇದಕ್ಕಿಂತ ಗಂಭೀರವಾದುದು ವಿಜ್ಞಾನ ತಪ್ಪುವುದಿಲ್ಲವೆಂಬ ಭಾವನೆ. ಕೋಶಕೇಂದ್ರದ ಡಿಎನ್‌ಎ ವಿಶ್ಲೇಷಣೆಯನ್ನು ಬಿಟ್ಟರೆ, ಕುರುಹನ್ನು ನಿರ್ದಿಷ್ಟ ವ್ಯಕ್ತಿಗೆ ಅಥವಾ ಮೂಲಕ್ಕೆ ಖಚಿತವಾಗಿ ಜೋಡಿಸಬಲ್ಲದೆಂದು ಯಾವ ವಿಧಾನವೂ ಕಟ್ಟುನಿಟ್ಟಾಗಿ ಸಾಬೀತಾಗಿಲ್ಲವೆಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿ ತಿಳಿಸಿತು.

ಅಧ್ಯಯನ

ವೈಜ್ಞಾನಿಕ ಸಾಕ್ಷ್ಯವಿಲ್ಲದ ಮೊಕದ್ದಮೆಗಳಲ್ಲಿ ಜ್ಯೂರಿ ಸದಸ್ಯರು ಆರೋಪಿಗಳನ್ನು ಬಿಟ್ಟುಬಿಡುತ್ತಾರೆಂಬುದು ಸರ್ಕಾರಿ ವಕೀಲರ ದೂರು. ತಜ್ಞರ ಮಾತನ್ನು ಅವರು ಪ್ರಶ್ನಿಸದೆ ನಂಬುತ್ತಾರೆಂಬುದು ಆರೋಪಿಪರ ವಕೀಲರ ಆತಂಕ. ಮಿಷಿಗನ್ ರಾಜ್ಯದ ನ್ಯಾಯಾಧೀಶ ಡೊನಾಲ್ಡ್ ಶೆಲ್ಟನ್ ಮತ್ತು ಸಂಗಡಿಗರು 2006ರಲ್ಲಿ, ಜ್ಯೂರಿ ಕರ್ತವ್ಯಕ್ಕೆ ಬಂದಿದ್ದ ಸುಮಾರು 1,000 ಜನರನ್ನು ಸಮೀಕ್ಷೆಗೆ ಒಳಪಡಿಸಿದರು. ಪ್ರತಿ ಕ್ರಿಮಿನಲ್ ಮೊಕದ್ದಮೆಯಲ್ಲೂ ಯಾವುದಾದರೊಂದು ವೈಜ್ಞಾನಿಕ ಸಾಕ್ಷ್ಯವನ್ನು ನಿರೀಕ್ಷಿಸುವುದಾಗಿ ಶೇ. 46ರಷ್ಟು ಮಂದಿ, ಡಿಎನ್‌ಎ ಸಾಕ್ಷ್ಯವನ್ನೇ ನಿರೀಕ್ಷಿಸುವುದಾಗಿ ಶೇ. 22ರಷ್ಟು ಮಂದಿ ಹೇಳಿದರು. ಧಾರಾವಾಹಿಯ ವೀಕ್ಷಕರಲ್ಲಿ ನಿರೀಕ್ಷೆ ಹೆಚ್ಚಿತ್ತು. ಆದರೆ ಅಪರಾಧಿಯೆಂದು ತೀರ್ಮಾನಿಸುವ ವಿಷಯದಲ್ಲಿ ಅವರಿಗೂ ಇತರರಿಗೂ ಗಣನೀಯ ವ್ಯತ್ಯಾಸ ಬಹುತೇಕ ಕಂಡುಬರಲಿಲ್ಲ. ನಿರೀಕ್ಷೆಗೆ ಒಂದು ಧಾರಾವಾಹಿಗಿಂತ ನಿತ್ಯಜೀವನದಲ್ಲಿ ಹಬ್ಬಿರುವ ತಂತ್ರಜ್ಞಾನವೇ ಕಾರಣವಿರಬಹುದೆಂದು ಶೆಲ್ಟನ್ ಅಭಿಪ್ರಾಯಪಟ್ಟು, ಅದನ್ನು 'ಟೆಕ್ ಪರಿಣಾಮ' ಎಂದು ಕರೆದರು.

ಭಾರತದಲ್ಲಿ

ಪ್ರಯೋಗಾಲಯದ ದೃಶ್ಯಗಳಿಗೆ ಹೆಸರಾದ ಹಿಂದಿ ಧಾರಾವಾಹಿ 'ಸಿಐಡಿ' 1998ರಲ್ಲಿ, ಅಂದರೆ ಸಿಎಸ್‌ಐಗಿಂತ ಮೊದಲೇ ಆರಂಭವಾಯಿತು. ಭಾರತದ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಈಗ ಜ್ಯೂರಿ ಪದ್ಧತಿ ಇಲ್ಲದಿರುವುದರಿಂದ ಅಮೆರಿಕದ ಚರ್ಚೆ ಇಲ್ಲಿಗೆ ನೇರವಾಗಿ ಅನ್ವಯಿಸುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಕೃತ್ಯದ ಸ್ಥಳಕ್ಕೆ ಭೇಟಿ ನೀಡುವುದನ್ನು ಕಡ್ಡಾಯಗೊಳಿಸಿದೆ. ಇದಕ್ಕೆ ಸಿದ್ಧತೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಕಾಲಾವಕಾಶವಿದೆ.