ಕಲ್ಯಾಣ–ಹುಮನಾಬಾದ್ ಹೆದ್ದಾರಿಯ ವಿಸ್ತಾರವೂ ಪ್ರಾಚೀನ ಮಾರ್ಗಧರ್ಮವೂ

'ಹೆದ್ದಾರಿ' ಎಂಬ ಶಬ್ದವು ಹೊಸದಲ್ಲ. 'ಪಿರಿದು' ಎಂಬುದಕ್ಕೆ ಸಮಾಸದಲ್ಲಿ 'ಪೆರ್' ಎಂದಾಗಿ, ಪಕಾರಕ್ಕೆ ಹಕಾರವು ಬಂದು, 'ಪೆರ್ದಾರಿ'ಯು 'ಹೆದ್ದಾರಿ'ಯಾಯಿತು. 'ಹೆಬ್ಬಟ್ಟೆ' ಎಂಬುದೂ ಇದೇ ಅರ್ಥದ್ದು. ದತ್ತಿಭೂಮಿಯ ಎಲ್ಲೆಯನ್ನು ಹೇಳುವಾಗ ನಮ್ಮ ಶಾಸನಗಳು ಹಳ್ಳ, ಮರ, ಕಲ್ಲುಗಳೊಡನೆ ದಾರಿಗಳನ್ನೂ ಹೆಸರಿಸುವುದುಂಟು. ಹೀಗೆ ದಾರಿಯ ಹಿರಿಮೆಯು ಅದರ ಹೆಸರಿನಲ್ಲಿಯೇ ಅಡಗಿದೆ. ಆ ಹಿರಿಮೆಯು ಅಗಲದಿಂದ ಬಂದುದೋ, ಅದರಲ್ಲಿ ನಡೆವವರಿಗೆ ದೊರೆಯುವ ರಕ್ಷಣೆಯಿಂದ ಬಂದುದೋ ಎಂಬುದನ್ನು ಬಸವಕಲ್ಯಾಣ–ಹುಮನಾಬಾದ್ ಪ್ರಾಂತದ ಹೆದ್ದಾರಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಪುಣೆಯಿಂದ ಹೊರಟು ಸೊಲ್ಲಾಪುರ, ಉಮರ್ಗಾ, ಹುಮನಾಬಾದ್, ಜಹೀರಾಬಾದ್, ಹೈದರಾಬಾದುಗಳ ಮೇಲೆ ಹಾದು ಮಚಲೀಪಟ್ಟಣದಲ್ಲಿ ಪೂರ್ವಸಮುದ್ರವನ್ನು ಸೇರುವ ರಾಷ್ಟ್ರೀಯ ಹೆದ್ದಾರಿಗೆ ಮೊದಲು 9 ಎಂಬ ಸಂಖ್ಯೆಯಿದ್ದಿತು. 2010ರ ಪುನರ್ವಿಂಗಡಣೆಯಲ್ಲಿ ಅದಕ್ಕೆ 65 ಎಂಬ ಸಂಖ್ಯೆಯು ಬಂದಿತು. ಹುಮನಾಬಾದು ಈ ದಾರಿಯ ಮೇಲೆಯೇ ಇದ್ದು, ಬೀದರಿನಿಂದ ಕಲಬುರ್ಗಿಗೆ ಹೋಗುವ ದಾರಿಯು ಇದನ್ನು ಅಲ್ಲಿಯೇ ಸಂಧಿಸುತ್ತದೆ. ಬಸವಕಲ್ಯಾಣವಾದರೋ ಹೆದ್ದಾರಿಯಿಂದ ಉತ್ತರಕ್ಕೆ ಸ್ವಲ್ಪ ಒಳಗಿದೆ. ಮಹಾರಾಷ್ಟ್ರ–ಕರ್ನಾಟಕಗಳ ಗಡಿಯಿಂದ ತೆಲಂಗಾಣದ ಸಂಗಾರೆಡ್ಡಿಯವರೆಗಿನ ಸುಮಾರು 145 ಕಿಲೋಮೀಟರು ಉದ್ದದ ಭಾಗವನ್ನು ಈ ಶತಮಾನದ ಎರಡನೆಯ ದಶಕದಲ್ಲಿ ಎರಡು ಪಥಗಳಿಂದ ನಾಲ್ಕು ಪಥಗಳಿಗೆ ವಿಸ್ತರಿಸಲಾಯಿತು. ಸಂಚಾರವು ಸುಗಮವಾಗಬೇಕು, ಅಪಘಾತಗಳು ಕಡಮೆಯಾಗಬೇಕು ಎಂಬುದೇ ಇಂತಹ ವಿಸ್ತರಣಕ್ಕೆ ಹೇಳುವ ಕಾರಣವು.

ಈ ಪ್ರಾಂತಕ್ಕೆ ದಾರಿಯ ಮಹತ್ವವು ಇಂದು ಬಂದುದಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಅವನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಿಲ್ಹಣನು ಕಾಶ್ಮೀರದಿಂದ ಬಂದು 'ವಿಕ್ರಮಾಂಕದೇವಚರಿತ'ವನ್ನು ರಚಿಸಿದನು. ಕಾಶ್ಮೀರದ ಕವಿಯು ಕಲ್ಯಾಣವನ್ನು ಮುಟ್ಟಬೇಕಾದರೆ ನಡುವೆ ನಡೆಯತಕ್ಕ ದಾರಿಗಳು ಇದ್ದಿರಲೇಬೇಕಷ್ಟೆ. ಅಯ್ಯಾವೊಳೆ ಐನೂರ್ವರೆಂಬ ವಣಿಕ್ಸಂಘವು ಹಲವು ದೇಶಗಳಲ್ಲಿ ವ್ಯಾಪಾರ ಮಾಡುತ್ತಿದ್ದಿತು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳ ಹೆಸರುಗಳೂ, ಅವನ್ನು ನೋಡಿಕೊಳ್ಳುತ್ತಿದ್ದ ಸುಂಕವೆರ್ಗಡೆಗಳ ಪ್ರಸ್ತಾಪವೂ ಚಾಲುಕ್ಯ ಶಾಸನಗಳಲ್ಲಿ ದೊರೆಯುತ್ತವೆ. ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆಗೂ ಅನ್ನವಿಕ್ಕುವ ಛತ್ರಕ್ಕೂ ದತ್ತಿಗಳು ನಡೆದುದುಂಟು. ವ್ಯಾಪಾರದಿಂದ ಬಂದ ಸುಂಕದ ಆದಾಯದಲ್ಲಿ ಒಂದಂಶವನ್ನು ಧರ್ಮಕಾರ್ಯಗಳಿಗೆ ಬಿಡುವುದು ಅಂದಿನ ರೂಢಿಯಾಗಿದ್ದಿತೆಂಬುದನ್ನು ಗಮನಿಸಬೇಕು.

ರಾಜ್ಯಗಳು ಮಗ್ಗುಲಾದರೂ ದಾರಿಯ ಪ್ರಯೋಜನವು ಅಳಿಯಲಿಲ್ಲ. 1948ನೆಯ ಸೆಪ್ಟೆಂಬರ್ 13ರಂದು ಭಾರತದ ಸೇನೆಯು ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿದಾಗ ಅದರ ಮುಖ್ಯದಳವು ಬಂದುದು ಈ ಸೊಲ್ಲಾಪುರದ ದಾರಿಯಿಂದಲೇ. ನಳದುರ್ಗ, ಉಮರ್ಗಾಗಳನ್ನು ದಾಟಿ, ಬಸವಕಲ್ಯಾಣ–ಹುಮನಾಬಾದುಗಳ ನಡುವಣ ರಾಜೇಶ್ವರದ ಮೇಲೆ ಹಾದು ಅದು ಮುಂದುವರಿಯಿತು. 18ರಂದು ಹೈದರಾಬಾದಿನಲ್ಲಿ ಶರಣಾಗತಿಯು ನಡೆಯಿತು. 1956ನೆಯ ನವೆಂಬರ್ 1ರಂದು ಬೀದರಿನೊಡನೆ ಈ ಊರುಗಳು ಕನ್ನಡನಾಡನ್ನು ಸೇರಿದವು.

ಇನ್ನು ಅಗಲದ ವಿಚಾರ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ದುರ್ಗನಿವೇಶದ ಪ್ರಕರಣದೊಳಗೆ, ದಾರಿಗಳ ಪ್ರಮಾಣವು ಹೇಳಲ್ಪಟ್ಟಿದೆ. ರಥ್ಯೆಗೆ 4 ದಂಡಗಳು. ಗ್ರಾಮಪಥಕ್ಕೆ 8 ದಂಡಗಳು. ಪಶುಗಳ ದಾರಿಗೆ 4 ಅರತ್ನಿಗಳು. ಕ್ಷುದ್ರಪಶುಗಳಿಗೂ ಮನುಷ್ಯರಿಗೂ 2 ಅರತ್ನಿಗಳು. ಒಂದು ದಂಡವೆಂದರೆ 4 ಅರತ್ನಿ, ಅಂದರೆ 96 ಅಂಗುಲ. ದಾರಿ ಮತ್ತು ಪ್ರಾಕಾರಗಳನ್ನು ಅಳೆಯುವುದಕ್ಕೆ 108 ಅಂಗುಲದ ಧನುಸ್ಸನ್ನೂ ಅದೇ ಗ್ರಂಥವು ವಿಧಿಸುತ್ತದೆ. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ, ಮೊದಲನೆಯ ಲೆಕ್ಕದಿಂದ ರಥ್ಯೆಯು ಸುಮಾರು 7.3 ಮೀಟರು, ಗ್ರಾಮಪಥವು 14.6 ಮೀಟರು; ಎರಡನೆಯದರಿಂದ 8.2 ಮತ್ತು 16.5 ಮೀಟರು ಆಗುತ್ತವೆ. ಇಂದಿನ ಒಂದು ಪಥವು 3.5 ಮೀಟರಾದುದರಿಂದ, ದ್ವಿಪಥವು 7 ಮೀಟರು, ಚತುಷ್ಪಥವು 14 ಮೀಟರು. ಈ ಸಾಮ್ಯವು ವಿಸ್ಮಯಕರವಾದರೂ ಕಾಕತಾಳೀಯವೆಂದೇ ತಿಳಿಯಬೇಕು. ಎತ್ತಿನ ಬಂಡಿಗೂ ಯಂತ್ರವಾಹನಕ್ಕೂ ವೇಗದಲ್ಲಿ ಹೋಲಿಕೆಯಿಲ್ಲ.

ಆದರೆ ಇಲ್ಲಿ ಕಾಕತಾಳೀಯವಲ್ಲದ ಅಂಶಗಳೆರಡುಂಟು. ಗ್ರಾಮಪಥವು ರಥ್ಯೆಗಿಂತ ಇಮ್ಮಡಿ ಅಗಲವಾಗಿರುವುದು ಒಂದು. ಹಳ್ಳಿಯ ಜನಕ್ಕೆ ಕಿರುದಾರಿಯು ಸಾಕೆಂಬ ಭಾವನೆಯು ಅಲ್ಲಿಲ್ಲ. ನಡೆವವನಿಗೂ ದನಕ್ಕೂ ರಥಕ್ಕೂ ಬೇರೆ ಬೇರೆ ದಾರಿಗಳನ್ನು ವಿಂಗಡಿಸಿರುವುದು ಇನ್ನೊಂದು. ವೇಗವು ಬೇರೆಯಾದವರನ್ನು ಬೇರ್ಪಡಿಸಬೇಕೆಂಬ ಯುಕ್ತಿಯೇ ಇಂದಿನ ಸೇವಾರಸ್ತೆಗೂ ಮೂಲವು.

ಅಳತೆಯನ್ನು ಅರ್ಥಶಾಸ್ತ್ರವು ಹೇಳಿತು. ಧರ್ಮವನ್ನು ಹೇಳಿದ ಗ್ರಂಥಕ್ಕೆ ವ್ಯಾಖ್ಯಾನವು ಹುಟ್ಟಿದುದು ಕಲ್ಯಾಣದಲ್ಲಿಯೇ. ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಅದನ್ನು ದಾಯಭಾಗಕ್ಕಾಗಿ ಓದುವವರೇ ಹೆಚ್ಚು. ಆದರೆ ಆ ಸ್ಮೃತಿಯ ಆಚಾರಾಧ್ಯಾಯದಲ್ಲಿ ಯಾರಿಗೆ ದಾರಿ ಬಿಡಬೇಕೆಂಬ ವಿಧಿಯೂ ಉಂಟು: ವೃದ್ಧ, ಹೊರೆಹೊತ್ತವ, ಅರಸ, ಸ್ನಾತಕ, ಸ್ತ್ರೀ, ರೋಗಿ, ಮದುವಣಿಗ, ಬಂಡಿಯವ. ಇವರೆಲ್ಲರೂ ಒಟ್ಟಿಗೆ ಬಂದರೆ ಅರಸನು ಮಾನ್ಯನು. ಅರಸನಿಗೂ ಸ್ನಾತಕನು ಮಾನ್ಯನು. ಮದುವಣಿಗ, ಸ್ನಾತಕ, ಅರಸರನ್ನು ಬಿಟ್ಟರೆ, ಉಳಿದವರೆಲ್ಲರೂ ಥಟ್ಟನೆ ಪಕ್ಕಕ್ಕೆ ಸರಿಯಲಾರದವರು. ಸರಿಯಬಲ್ಲವನು ಸರಿಯಲಾರದವನಿಗೆ ದಾರಿಯನ್ನು ಬಿಡಬೇಕೆಂಬುದೇ ಈ ವಿಧಿಯ ಮುಖ್ಯ ತಾತ್ಪರ್ಯವೆಂದು ನಮ್ಮ ಅಭಿಪ್ರಾಯವು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಅಪಘಾತದ ಹೊಣೆಯನ್ನೂ ವಿಚಾರಿಸಿದೆ. ಮೂಗುದಾರವು ಹರಿದರೆ, ನೊಗ ಅಚ್ಚುಗಳು ಮುರಿದರೆ ದಂಡವಿಲ್ಲ. ಸಾರಥಿಯ ಅಕೌಶಲದಿಂದ ಹಿಂಸೆಯಾದರೆ ಬಂಡಿಯ ಒಡೆಯನಿಗೆ 200 ಪಣಗಳ ದಂಡ. ಸಾರಥಿಯು ಕುಶಲನಾಗಿದ್ದೂ ತಪ್ಪಿದರೆ ದಂಡವು ಅವನಿಗೇ.

ಇಲ್ಲಿ ಒಂದು ಆಕ್ಷೇಪವು ಬರಬಹುದು: ದಾರಿಯು ಅಗಲವಾದ ಮೇಲೆ ಸರಿಯುವ ಪ್ರಸಂಗವೆಲ್ಲಿ? ದ್ವಿಪಥದಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕುವಾಗ ಎದುರಿನದರೊಡನೆ ಘರ್ಷಣೆಯಾಗುತ್ತಿದ್ದಿತು. ನಡುವೆ ವಿಭಾಜಕವು ಬಂದುದರಿಂದ ಆ ಭಯವು ಬಹುಮಟ್ಟಿಗೆ ತಗ್ಗಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಉದ್ದಕ್ಕೆ ಹೋಗುವವನಿಗೆ ಉಪಕಾರವಾದ ಅಗಲವು ಅಡ್ಡಕ್ಕೆ ದಾಟುವವನಿಗೆ ಆಯಾಸವಾಗುತ್ತದೆ. ಏಳು ಮೀಟರನ್ನು ದಾಟುತ್ತಿದ್ದ ಮುದುಕಿಯು ಈಗ ಅದರ ಇಮ್ಮಡಿಯನ್ನು, ಹೆಚ್ಚಿದ ವೇಗದ ನಡುವೆ, ದಾಟಬೇಕು. ವಿಭಾಜಕದ ತೆರಪು ದೂರವಾದರೆ ರೈತನು ಬಂಡಿಯನ್ನು ಎದುರುದಿಕ್ಕಿನಲ್ಲಿಯೇ ಹೊಡೆಯುವನು. ಮನೆಯೊಂದು ಕಡೆ, ಹೊಲವಿನ್ನೊಂದು ಕಡೆ ಇರುವವನಿಗೆ ಇದು ನಿತ್ಯದ ಪಾಡು. ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೂ ಮಾಣಿಕನಗರದ ದತ್ತಜಯಂತಿಗೂ ಕಲ್ಯಾಣದ ಶರಣರ ನೆಲೆಗಳಿಗೂ ನಡೆದು ಬರುವವರು ಇಂದಿಗೂ ಉಂಟು.

ಆದುದರಿಂದ ಕೆಳಸೇತುವೆ, ಸೇವಾರಸ್ತೆ, ಕಾಲುದಾರಿಗಳನ್ನು ವಿಸ್ತರಣದ ಅಲಂಕಾರಗಳೆಂದು ಎಣಿಸಲಾಗದು. ಅವು ಅದರ ಅಂಗಗಳು. ಅಂಗಹೀನವಾದ ಯಜ್ಞವು ಫಲಿಸದೆಂಬುದು ಕರ್ಮಕಾಂಡವನ್ನು ಬಲ್ಲವರಿಗೆ ತಿಳಿದುದೇ. ಹಿಂದಿನ ಪೆರ್ಜುಂಕದ ಸ್ಥಾನದಲ್ಲಿ ಇಂದು ಟೋಲು ಬಂದಿದೆ. ಅದರ ಆದಾಯದಲ್ಲಿ ಟೋಲು ಕೊಡದೆ ನಡೆದುಹೋಗುವವನಿಗೂ ಪಾಲುಂಟೆಂಬುದನ್ನು ಅರವಟ್ಟಿಗೆಯ ದತ್ತಿಗಳು ನೆನಪಿಗೆ ತರುತ್ತವೆ. ಹೆದ್ದಾರಿಯೊಳಗಣ 'ಪೆರ್' ಎಂಬುದನ್ನು ಮೀಟರುಗಳಿಂದ ಅಳೆಯಬಹುದು. ಆದರೆ ವಿಜ್ಞಾನೇಶ್ವರನ ಊರಿನ ಬಳಿಯಲ್ಲಿ ಅದನ್ನು ಇನ್ನೊಂದು ಮಾನದಿಂದಲೂ ಅಳೆಯುವುದು ಉಚಿತವು: ಹೊರೆಹೊತ್ತವನು ಅದನ್ನು ಅಂಜದೆ ದಾಟಬಲ್ಲನೆ ಎಂಬುದೇ ಆ ಮಾನವು.