ಮಾರಾಟಕ್ಕಿದೆ: ಒಂದು ಜೋಂಗಾ

ಮೊನ್ನೆ ಭಾನುವಾರ ನನ್ನ ಸೋದರಮಾವನ ಜೊತೆ ಸೋಮವಾರಪೇಟೆ ಕಡೆ ಹೋಗಿದ್ದೆ. ಅಲ್ಲೊಂದು ಜೋಂಗಾ ಮಾರಾಟಕ್ಕಿದೆ ಅಂತ ಯಾರೋ ಮಾವನ ಮೊಬೈಲಿಗೆ ಜಾಹೀರಾತು ಕಳಿಸಿದ್ದರು. "ಫೋರ್ ವೀಲ್ ಡ್ರೈವ್, ಒರಿಜಿನಲ್ ಪೆಟ್ರೋಲ್ ಇಂಜಿನ್, ಒಳ್ಳೇ ಕಂಡೀಷನ್, 1971ರ ಯುದ್ಧಕ್ಕೆ ಹೋಗಿ ಬಂದ ಗಾಡಿ" ಅಂತ ಅದರಲ್ಲಿತ್ತು. ಮಾವ 1973ರಲ್ಲಿ ಸೇನೆಗೆ ಸೇರಿ ಹದಿನೈದು ವರ್ಷ ಡ್ರೈವರ್ ಆಗಿದ್ದವರು. ತಗೊಳ್ಳೋದು ಬಿಡೋದು ಆಮೇಲೆ, ಒಂದ್ಸಲ ಸ್ಟೀರಿಂಗ್ ಹಿಡಿದು ಬರ್ತೀನಿ ಅಂತ ಹೊರಟೇಬಿಟ್ಟರು.

ಜೋಂಗಾ ನೋಡದವರಿಗೆ ಸ್ವಲ್ಪ ಪೀಠಿಕೆ. ಜೀಪಿಗಿಂತ ಉದ್ದ, ಅಗಲ. ಉದ್ದನೆಯ ಮೂತಿ, ಅದರೊಳಗೆ 3956 ಸಿಸಿಯ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್. ನಾಲ್ಕೂ ಚಕ್ರಕ್ಕೆ ಪಟ್ಟಿ ಸ್ಪ್ರಿಂಗು. ಹೆಸರು ಕೇಳಿದರೆ ಆಫ್ರಿಕಾದ್ದೇನೋ ಅನ್ನಿಸುತ್ತೆ, ಅಲ್ವಾ? ಅಲ್ಲ. 'ಜಬಲ್‌ಪುರ್ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ' ಅನ್ನುವ ಉದ್ದ ಹೆಸರಿನ ಮೊಟಕು ರೂಪ ಅದು.

ಇದರ ವಂಶಾವಳಿ ಮಾತ್ರ ಬಹಳ ದೂರ ಹೋಗುತ್ತೆ. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಪಕ್ಕದ ಜಪಾನಿನಲ್ಲಿ ಜೀಪಿನಂಥ ಗಾಡಿಗಳಿಗೆ ಬೇಡಿಕೆ ಬಂತು. ಟೊಯೋಟಾದವರು ಒಂದು ಮಾಡಿದರು (ಮುಂದೆ ಅದೇ ಲ್ಯಾಂಡ್ ಕ್ರೂಸರ್ ಆಯಿತು), ನಿಸಾನ್‌ನವರು 1951ರಲ್ಲಿ ಪಟ್ರೋಲ್ ಮಾಡಿದರು. ಎರಡೂ ಅಮೆರಿಕದ ವಿಲ್ಲೀಸ್ ಜೀಪನ್ನು ನೋಡಿ ಕಲಿತವೇ. ತಮಾಷೆ ಅಂದ್ರೆ ಜಪಾನಿನ ಪೊಲೀಸ್ ಪಡೆ ಇವೆರಡನ್ನೂ ಬಿಟ್ಟು, ವಿಲ್ಲೀಸ್ ಪರವಾನಗಿ ಪಡೆದಿದ್ದ ಮಿತ್ಸುಬಿಷಿಯ ಜೀಪನ್ನೇ ಆರಿಸಿಕೊಂಡಿತು. ಮನೆಯಲ್ಲಿ ಸೋತ ಗಾಡಿ ಪರದೇಶದಲ್ಲಿ ಗೆದ್ದಿತು. 1960ರಲ್ಲಿ ಬಂದ ಪಟ್ರೋಲ್ 60 ಮಾದರಿ ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿಯನ್ನು 1962ರಲ್ಲಿ ದಾಟಿತು. ಅದನ್ನು ದಾಟಿದ ಮೊದಲ ಮೋಟಾರು ಗಾಡಿ ಅದೇ. ಓಡಿಸಿದವರು ಭೂವಿಜ್ಞಾನಿ ರೆಗ್ ಸ್ಪ್ರಿಗ್, ಜೊತೆಗೆ ಹೆಂಡತಿ ಮಕ್ಕಳು!

ಅದೇ 1962ರಲ್ಲಿ ನಮಗೆ ಚೀನಾ ಯುದ್ಧ. ಆಮೇಲೆ ಬೆಟ್ಟದ ಗಡಿಗಳಿಗಾಗಿ ಸೇನೆಯ ಹೊಸ ಡಿವಿಷನ್‌ಗಳು ಹುಟ್ಟಿದವು, ಅವಕ್ಕೆ ಗಾಡಿಗಳು ಬೇಕಾದವು. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಶಕ್ತಿಮಾನ್ ಲಾರಿ ಆಗಲೇ ತಯಾರಾಗುತ್ತಿತ್ತು. ನಿಸಾನ್ ಪರವಾನಗಿಯಲ್ಲಿ ಒಂದು ಟನ್ನಿನ ಲಾರಿಯೂ ಪಟ್ರೋಲ್ 60 ಕೂಡ ಬಂದವು. ಈ ಪಟ್ರೋಲೇ ನಮ್ಮ ಜೋಂಗಾ. 1969ರಲ್ಲಿ ಶುರುವಾದ ಜಬಲ್‌ಪುರದ ವಾಹನ ಕಾರ್ಖಾನೆಯಲ್ಲಿ ಸುಮಾರು ಮೂವತ್ತು ವರ್ಷ ಇದು ತಯಾರಾಯಿತು. ಕೆಲವು ಆಂಬ್ಯುಲೆನ್ಸ್ ಆದವು, ಕೆಲವು ಬೆನ್ನ ಮೇಲೆ 106 ಮಿ.ಮೀ. ತೋಪು ಹೊತ್ತವು. ಕೆಲಸ ಮುಗಿದವು ಹರಾಜಿನಲ್ಲಿ ಹೊರಗೆ ಬಂದವು. ಕೊಂಡವರಲ್ಲಿ ಬಹಳ ಜನ ಪೆಟ್ರೋಲ್ ಖರ್ಚು ತಾಳಲಾರದೆ ಯಾವುದಾದರೂ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಅದಕ್ಕೇ ಒರಿಜಿನಲ್ ಇಂಜಿನ್ ಇರುವ ಜೋಂಗಾ ಸಿಗೋದು ಕಷ್ಟ.

ಸರಿ, ಸೋಮವಾರಪೇಟೆಗೆ ಬರೋಣ. ಶೆಡ್ಡಿನ ಬಾಗಿಲು ತೆಗೆದಾಗ ಮಾವ ಒಂದು ನಿಮಿಷ ಮಾತಾಡಲಿಲ್ಲ. ಗಾಡಿ ನಿಜಕ್ಕೂ ಚೆನ್ನಾಗಿತ್ತು. ಇಂಜಿನ್ ಅದೇ, ಡ್ಯಾಷ್‌ಬೋರ್ಡ್ ಅದೇ. ಆದರೆ ಮೈಗೆಲ್ಲ ಹೊಸ ಬಣ್ಣ, ಮೂತಿಯ ಮೇಲೆ ದೊಡ್ಡದಾಗಿ 'ನಿಸಾನ್ ಪಟ್ರೋಲ್' ಅಂತ ಬರೆಸಿದ್ದರು. "ಜೋಂಗಾ ಅಂದ್ರೆ ಜನಕ್ಕೆ ಗೊತ್ತಾಗಲ್ಲ ಸಾರ್" ಅಂದರು ಮಾರುವವರು. ಧೋನಿ 2019ರಲ್ಲಿ ಜೋಂಗಾ ತಗೊಂಡ ಮೇಲೆ ಕೇಳೋರು ಜಾಸ್ತಿಯಾಗಿದಾರೆ ಅಂತಲೂ ಅವರೇ ಹೇಳಿದರು! ಆರ್‌ಸಿಯಲ್ಲಿ ನೋಂದಣಿ 1992, ಹರಾಜಿನ ನಂತರದ್ದು. ಅದಕ್ಕಿಂತ ಹಿಂದಿನದಕ್ಕೆ ಅವರ ಬಾಯಿಮಾತೇ ಆಧಾರ.

ಮಾವ ಸ್ಟೀರಿಂಗ್ ಹತ್ತಿರ ಹೋಗಲೇ ಇಲ್ಲ. ಹಿಂದಿನ ಬಂಪರ್ ಮುಂದೆ ಕೂತು ಬೆರಳಾಡಿಸಿದರು. ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿ ಅಂದರು. ಹೊಸ ಬಣ್ಣದ ಕೆಳಗೆ ಹಳೇ ಕುಂಚದ ಗೆರೆ ಉಬ್ಬಿಕೊಂಡು ಕಾಣ್ತು. ಮೇಲೆ ಮುಖ ಮಾಡಿದ ಒಂದು ಬಾಣ, ಪಕ್ಕದಲ್ಲಿ 74. ಸೇನೆಯ ಗಾಡಿಗಳ ನಂಬರು ಹಾಗೇ. ಮೊದಲು ಬಾಣ, ಆಮೇಲಿನ ಎರಡಂಕಿ ಸೇನೆ ಆ ಗಾಡಿಯನ್ನು ಪಡೆದ ವರ್ಷ.

"ಇದು 71ರ ಯುದ್ಧಕ್ಕೆ ಹೋಗಿಲ್ಲಪ್ಪ. ಆಗ ಇದು ಹುಟ್ಟೇ ಇರಲಿಲ್ಲ" ಅಂದರು ಮಾವ.

ಮಾರುವವರ ಮುಖ ಸಣ್ಣಗಾಯಿತು. ನಮಗೆ ಕೊಟ್ಟೋರು ಹಾಗೆ ಹೇಳಿದ್ರು ಸಾರ್, ಯುದ್ಧದ ಗಾಡಿ ಅಲ್ಲ ಅಂದ್ರೆ ರೇಟ್ ಬರಲ್ಲ ಅಂತ ಗೊಣಗಿದರು. ಮಾವ ಎದ್ದು ಮಂಡಿ ಒರೆಸಿಕೊಳ್ಳುತ್ತಾ ಹೇಳಿದ್ದು ಇಷ್ಟು: "ನಾನೂ ಯುದ್ಧಕ್ಕೆ ಹೋದೋನಲ್ಲ. ಹದಿನೈದು ವರ್ಷ ಬೆಟ್ಟದ ಮೇಲಕ್ಕೆ ರೇಷನ್ನು, ಸೀಮೆಎಣ್ಣೆ, ಕಾಗದ ಹೊತ್ತಿದೀನಿ. ಹಂಗಂತ ನಾನು ಸುಳ್ಳಾ?"

ಮಾವನ ಬಾಯಲ್ಲಿ ಈ ಮಾತು ನಾನು ಯಾವತ್ತೂ ಕೇಳಿರಲಿಲ್ಲ. ನಿವೃತ್ತ ಸೈನಿಕರು ಅಂದ ಕೂಡಲೇ ನಾವೆಲ್ಲ "ಯಾವ ಯುದ್ಧ?" ಅಂತ ಕೇಳ್ತೀವಿ. ಊರಲ್ಲಿ ಅವರನ್ನೂ ಕೇಳ್ತಿದ್ರು, ಅವರು ನಕ್ಕು ಸುಮ್ಮನಾಗ್ತಿದ್ರು. ನಾನೂ ಕೇಳಿದ್ದೆ.

ಇನ್ನೊಂದು ವಿಷಯ. ವಿಂಟೇಜ್ ಗಾಡಿಗಳಿಗೆ ಅಂತಲೇ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಅಂಥವಕ್ಕೆ 'ವಿಎ' ಅಕ್ಷರಗಳ ನಂಬರು ಸಿಗುತ್ತೆ. ಈ ಗಾಡಿಗೆ ಬಾಣದ ಲೆಕ್ಕದಲ್ಲಿ ಐವತ್ತು ದಾಟಿದೆ, ಆರ್‌ಸಿ ಲೆಕ್ಕದಲ್ಲಿ ಮೂವತ್ತು ಚಿಲ್ಲರೆ ಅಷ್ಟೆ. ನಡುವಿನ ಹದಿನೆಂಟು ವರ್ಷಕ್ಕೆ ಆ ಶೆಡ್ಡಿನಲ್ಲಿ ಇದ್ದ ಸಾಕ್ಷಿ ಬಂಪರಿನ ಮೇಲಿನ ಆ ಗೆರೆಗಳು ಮಾತ್ರ. ಬಂಪರನ್ನು ಉಜ್ಜಿ ಇನ್ನೊಂದು ಕೋಟ್ ಹೊಡೆಸಿದ್ದರೆ ಅದೂ ಹೋಗ್ತಿತ್ತು.

ಮಾವ ಗಾಡಿ ತಗೊಳ್ಳಲಿಲ್ಲ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಡುವ ಆನೆ ಸಾಕೋಕೆ ಪಿಂಚಣಿ ಸಾಲಲ್ಲ ಅಂದರು. ಕಾಫಿ ತೋಟದ ದಾರಿಯಲ್ಲಿ ಒಂದು ಸುತ್ತು ಮಾತ್ರ ಓಡಿಸಿದರು, ಎರಡೂ ಲಿವರ್ ನೋಡದೇನೇ ಹಾಕುತ್ತಿದ್ದರು. ಹೊರಡುವಾಗ ಆ ಬಂಪರ್ ಮಾತ್ರ ಉಜ್ಜಿಸಬೇಡಿ ಅಂತ ಕೇಳಿಕೊಂಡರು.

ನಿನ್ನೆ ಜಾಹೀರಾತು ಮತ್ತೆ ನೋಡಿದೆ. ಯುದ್ಧದ ಸಾಲು ಹೋಗಿದೆ, "1974ರ ಸೇನಾ ಗಾಡಿ" ಅಂತ ಬಂದಿದೆ. ರೇಟು ಅಷ್ಟೇ ಇದೆ. 'ನಿಸಾನ್ ಪಟ್ರೋಲ್' ಕೂಡ ಹಾಗೇ ಇದೆ, ಏನ್ ಮಾಡೋದು :)

ನಿಮ್ಮ ಊರಿನ ಶೆಡ್ಡಲ್ಲೂ ಇಂಥದ್ದೊಂದು ನಿಂತಿದ್ದರೆ, ಬಣ್ಣ ಹೊಡೆಸೋಕೆ ಮುಂಚೆ ಒಂದ್ಸಲ ಬಂಪರ್ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಏನಾದ್ರೂ ಕಂಡರೆ ನನಗೂ ಬರೆದು ತಿಳಿಸಿ.